ಧನಿಷ್ಠೆ ಹಿಡಿದ ಮನೆ

ಬಾಗಿಲಿಗೆ ಜಾಲಿಮುಳ್ಳು ಅಡ್ಡ ಇಟ್ಟ ಮನೆಯ ಕಿಟಕಿಗೆ ತಿಳಿದವರು ಯಾರೂ ಮುಖ ಹಚ್ಚುವುದಿಲ್ಲ. ಈ ಮನುಷ್ಯ ಹಚ್ಚಿಕೊಂಡು ನಿಂತಿದ್ದ.

ನಡುಮಧ್ಯಾಹ್ನ. ಹರದನಹಳ್ಳಿಯ ಹೊರಗಿನ ಆಶ್ರಯ ಕಾಲೊನಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಎಲ್ಲರೂ ಅರಿಶಿನ ಕೀಳುವ ಕೂಲಿಗೆ ಹೋಗಿದ್ದರು, ನಾಯಿಗಳು ನೆರಳು ಹುಡುಕಿಕೊಂಡು ಮಲಗಿದ್ದವು. ಭವ್ಯ ಸ್ಕೂಟಿ ನಿಲ್ಲಿಸಿ ನೋಡಿದಳು. ಕುತ್ತಿಗೆಯಲ್ಲಿ ಐಡಿ ಕಾರ್ಡು, ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ಮೊಬೈಲು. ಅವಳ ಅವ್ವನ ಮನೆಯ ಕಿಟಕಿಯ ಸರಳಿಗೆ ಹಣೆ ಒತ್ತಿ ಆ ಗಂಡಸು ಒಳಗೆ ಇಣುಕುತ್ತಿದ್ದ.

“ಏನ್ರೀ ಅದು? ಆ ಮನೆ ಹತ್ರ ಹೋಗಬಾರದು.”

ಅವನು ಬೆಚ್ಚಿ ತಿರುಗಿದ. ಸರಳಿನ ತುಕ್ಕು ಹಣೆಯ ಮೇಲೆ ಉದ್ದಕ್ಕೆ ನಾಮ ಇಟ್ಟ ಹಾಗೆ ಮೂಡಿತ್ತು. ಭವ್ಯಳಿಗೆ ನಗು ಬಂತು, ತಡೆದುಕೊಂಡಳು.

“ಸರ್ವೆ ಮೇಡಂ. ಮನೆ ಫೋಟೋ ತೆಗೀಬೇಕು. ಈ ಮನೆಯವರು ನಿಮಗೆ ಗೊತ್ತಾ?”

“ಯಾಕೆ?”

“ಮಲ್ಲಮ್ಮ ಅನ್ನೋರ ಹೆಸರಲ್ಲಿದೆ. ಅವರು ತೀರಿಕೊಂಡ್ರಂತೆ. ಮಗಳು ಸರ್ಕಾರಿ ಆಸ್ಪತ್ರೆಲಿ ನರ್ಸು. ಒಳ್ಳೆ ಸಂಬಳ, ಟೌನಲ್ಲಿ ರೂಮು, ಇಲ್ಲಿ ಬೀಗ. ನಾಲ್ಕು ಹೆಜ್ಜೆ ಆಚೆ ಜನ ಟಾರ್ಪಾಲ್ ಕೆಳಗೆ ಮಲಗ್ತಾರೆ. ಆ ಯಮ್ಮಂಗೆ ಹೇಗೆ ನಿದ್ದೆ ಬರ್ತದೋ.”

“ಹೌದಾ. ನೋಡಿದೀರಾ ಅವಳನ್ನ?”

“ಇಲ್ಲ. ಬಲು ಜೋರಂತೆ. ಮೂಗಿನ ತುದೀಲೇ ಕೋಪ ಅಂದ್ರು ಆಚೆ ಬೀದಿಯವರು.”

“ಮೂಗು ಹೆಂಗಿದೆ ಅಂತಲೂ ಅಂದ್ರಾ?”

ಆಗ ಅವನು ಅವಳ ಮೂಗು ನೋಡಿದ. ಆಮೇಲೆ ದುಪಟ್ಟದ ಕೆಳಗಿನ ಬಿಳಿ ಯೂನಿಫಾರ್ಮು ನೋಡಿದ. ಆಮೇಲೆ ಸ್ಕೂಟಿಗೆ ಅಂಟಿಸಿದ್ದ ಆಸ್ಪತ್ರೆಯ ಸ್ಟಿಕ್ಕರು. ಮುಖ ಇಡಲು ಜಾಗವಿಲ್ಲದೆ ಮೊಬೈಲಿಗೆ ಮುಖ ಹಾಕಿದ.

“ಹೆಸರು ಭವ್ಯ. ಬರ್ಕೊಳ್ಳಿ,” ಎಂದಳು ಅವಳು. “ನಿದ್ದೆ ಸರಿಯಾಗಿ ಬರಲ್ಲ ಅಂತಲೂ ಬರ್ಕೊಳ್ಳಿ.”

“ನಾನು ಮಂಟೇಸ್ವಾಮಿ. ಗುಂಡ್ಲುಪೇಟೆ.” ಅವನ ದನಿ ತೀರ ತಗ್ಗಿತ್ತು. “ತಪ್ಪಾಯ್ತು ಮೇಡಂ. ಆದರೆ ಒಂದು ಕೇಳ್ಲಾ? ಬೀಗ ಹಾಕಿದೆ ಅಂತ ಗುರುತು ಹಾಕೋದಾ, ಜನ ಇದ್ದಾರೆ ಅಂತ ಹಾಕೋದಾ?”

“ಬೀಗ ಕಾಣ್ತಿಲ್ವಾ?”

“ಕಾಣ್ತಿದೆ. ಒಳಗೆ ಯಾರೋ ಬಿಂದಿಗೆ ಮುಚ್ಚಳ ತೆಗೆದು ನೀರು ಮೊಗೆದ್ರು. ಸದ್ದು ಕೇಳ್ತು. ಅದಕ್ಕೇ ಇಣುಕಿದ್ದು.”

ಭವ್ಯಳ ಕೈಯಿಂದ ಕೀಗೊಂಚಲು ಜಾರಿ ಮಣ್ಣಿಗೆ ಬಿತ್ತು. ಆ ಸದ್ದು ತನಗೊಬ್ಬಳಿಗೇ ಕೇಳುತ್ತದೆ ಎಂದು ನಾಲ್ಕು ತಿಂಗಳಿಂದ ನಂಬಿದ್ದಳು ಪಾಪ.

*

ಮಲ್ಲಮ್ಮ ಸತ್ತದ್ದು ಕಾರ್ತಿಕದ ಒಂದು ಬೆಳಗ್ಗೆ. ಪಂಚಾಂಗ ನೋಡುವ ನೀಲಕಂಠಸ್ವಾಮಿ ಅಯ್ನೋರು ಅಂಗಳದಲ್ಲಿ ನಿಂತು, “ಎಷ್ಟೊತ್ತಿಗೆ ಜೀವ ಹೋಯ್ತವ್ವ?” ಎಂದು ಕೇಳಿದ್ದರು.

“ಆರೂ ಇಪ್ಪತ್ತು,” ಎಂದಿದ್ದಳು ಭವ್ಯ. “ನನ್ನ ಕೈಯಲ್ಲೇ ಎರಡು ಗುಟುಕು ನೀರು ಕುಡಿದು ಹೋದ್ಲು.”

ಅಯ್ನೋರು ಬೆರಳು ಮಡಚಿ ಲೆಕ್ಕ ಹಾಕಿ ನಿಟ್ಟುಸಿರು ಬಿಟ್ಟರು. ಶ್ರವಣ ನಕ್ಷತ್ರ ಐದೂಕಾಲಿಗೇ ಮುಗಿದು ಧನಿಷ್ಠೆ ಹಿಡಿದಿತ್ತು. ಧನಿಷ್ಠೆಯಲ್ಲಿ ಜೀವ ಹೋದ ಮನೆಯನ್ನು ಆರು ತಿಂಗಳು ಬಿಡಬೇಕು. ಒಲೆ ಹಚ್ಚುವಂತಿಲ್ಲ, ಒಳಗೆ ಕಾಲಿಡುವಂತಿಲ್ಲ, ಬಾಗಿಲಿಗೆ ಮುಳ್ಳು ಇಡಬೇಕು. ಒಂದೂಕಾಲು ಗಂಟೆ ಮುಂಚೆ ಹೋಗಿದ್ದರೆ ಯಾವ ದೋಷವೂ ಇರಲಿಲ್ಲ ಎಂದರು ಅಯ್ನೋರು. ಆದರೂ ಭವ್ಯ ನಿಜ ಹೇಳಲಿಲ್ಲ.

ನಡೆದದ್ದು ಬೇರೆ. ಹಿಂದಿನ ಸಂಜೆ ಅವ್ವ ಫೋನು ಮಾಡಿ, “ಮೈ ಸರಿಯಿಲ್ಲ, ಬಂದ್ಬುಡು ಕಣಮ್ಮಿ” ಅಂದಿದ್ದಳು. ಅವತ್ತು ಜೊತೆಯ ನರ್ಸೊಬ್ಬಳ ಹುಟ್ಟುಹಬ್ಬ. ಕೇಕು, ಬಿರಿಯಾನಿ, ಹರಟೆ. “ಬೆಳಗ್ಗೆನೇ ಬತ್ತೀನಿ ಬುಡವ್ವ” ಎಂದು ಭವ್ಯ ಟೌನಿನಲ್ಲೇ ಉಳಿದಳು. ಬೆಳಗ್ಗೆ ಆರೂ ಇಪ್ಪತ್ತಕ್ಕೆ ಬಾಗಿಲು ತಳ್ಳಿದಾಗ ಅವ್ವ ಅಂಗಾತ ಮಲಗಿದ್ದಳು, ಕಣ್ಣು ಮುಚ್ಚಿತ್ತು. ನೀರು ಬಿಡೋಣವೆಂದು ಗಲ್ಲ ಹಿಡಿದರೆ ದವಡೆ ಬಿಗಿದಿತ್ತು. ನೀರು ತುಟಿಯಂಚಿನಿಂದ ಇಳಿದು ದಿಂಬು ಒದ್ದೆಯಾಯಿತು. ದವಡೆ ಹಾಗೆ ಬಿಗಿಯಬೇಕಾದರೆ ಎರಡು ಗಂಟೆಯಾದರೂ ಆಗಿರಬೇಕು, ಅದನ್ನು ನರ್ಸಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಡೆದವಳಿಗೆ ಕೊನೆಯ ಗುಟುಕು ನೀರು ಬಿಡದ ಮಗಳು ಎಂದು ಊರಿನ ಬಾಯಿಗೆ ಬೀಳುವುದಕ್ಕಿಂತ ಸುಳ್ಳು ಹೇಳುವುದು ಸುಲಭವಾಗಿತ್ತು. ಆ ಒಂದು ಸುಳ್ಳಿಗೆ ಶ್ರವಣ ಹೋಗಿ ಧನಿಷ್ಠೆ ಬಂತು, ಮನೆಗೆ ಮುಳ್ಳು ಬಿತ್ತು. ಮನೆ ಬಿಡುವ ದಿನ ಅವಳು ಬಿಂದಿಗೆ ತುಂಬ ನೀರು ತುಂಬಿ, ಮುಚ್ಚಳ ಮುಚ್ಚಿ, ಪಕ್ಕದಲ್ಲಿ ಚೊಂಬು ಇಟ್ಟು ಬಂದಳು. ಮಾರನೆಯ ವಾರ ಬೀದಿಯಲ್ಲಿ ಹಾದುಹೋಗುವಾಗ ಒಳಗಿನಿಂದ ಮುಚ್ಚಳದ ಸದ್ದು ಕೇಳಿತು. ಹಿತ್ತಾಳೆಗೆ ಹಿತ್ತಾಳೆ ತಾಗಿದ ಸಣ್ಣ ಸದ್ದು, ಆಮೇಲೆ ಯಾರೋ ಮೊಗೆದ ಹಾಗೆ.

ಅವ್ವ ಬಾಯಾರಿ ಸತ್ತಳು, ಇನ್ನೂ ಬಾಯಾರಿಯೇ ಇದ್ದಾಳೆ ಎಂದು ಭವ್ಯಳ ಜೀವ ಹಿಂಡಿಹೋಯಿತು. ಮುಸ್ಸಂಜೆಗೆ ಆ ಕಿಟಕಿಯಲ್ಲಿ ದೀಪ ಕಾಣುತ್ತದೆ ಎಂದು ಕಾಲೊನಿಯವರು ಬೇರೆ ಹೇಳತೊಡಗಿದ್ದರು. ಕತ್ತಲಾದ ಮೇಲೆ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದರು.

*

ಮೂರನೆಯ ದಿನ ಮಂಟೇಸ್ವಾಮಿ ಕುಂಟಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಬಂದ. ಅವಳ ಮನೆ ಬಾಗಿಲ ಮುಳ್ಳು ಕಾಲಿಗೆ ಚುಚ್ಚಿ ಕೀವಾಗಿತ್ತು.

“ಹೋಗಬಾರದು ಅಂದಿರಲಿಲ್ವಾ?” ಭವ್ಯ ಸಿರಿಂಜು ತುಂಬುತ್ತ ಕೇಳಿದಳು.

“ನೀವು ಅನ್ನೋದರೊಳಗೆ ಚುಚ್ಚಿತ್ತು ಮೇಡಂ.”

“ಮೇಡಂ ಬೇಡ. ಇಲ್ಲಿ ಎಲ್ಲರೂ ಸಿಸ್ಟರ್ ಅಂತಾರೆ.”

“ಅದೊಂದು ನನ್ನ ಕೈಲಿ ಆಗಲ್ಲ.”

“ಯಾಕೆ?”

“ಮೊದಲು ಚುಚ್ಚಿಬಿಡಿ. ಸೂಜಿ ಕೈಯಲ್ಲಿ ಹಿಡಿದವರ ಹತ್ರ ಕಾರಣ ಹೇಳಬಾರದು.”

ಅವಳು ಬೇಕೆಂದೇ ಸ್ವಲ್ಪ ಜೋರಾಗಿ ಚುಚ್ಚಿದಳು. ಅವನು ಹಲ್ಲು ಕಚ್ಚಿಕೊಂಡು ನಕ್ಕ. ಆ ನಗುವಿನಲ್ಲಿ ಎಡಗೆನ್ನೆ ಮಾತ್ರ ಗುಳಿ ಬೀಳುತ್ತಿತ್ತು, ಬಲಗೆನ್ನೆ ಸುಮ್ಮನಿರುತ್ತಿತ್ತು. ಇದನ್ನೆಲ್ಲ ಯಾಕೆ ನೋಡುತ್ತಿದ್ದೇನೆ ಎಂದು ತನ್ನನ್ನೇ ಗದರಿಕೊಂಡು ಭವ್ಯ ಹತ್ತಿ ಒತ್ತಿದಳು.

ಕ್ಯಾಂಟೀನಿನಲ್ಲಿ ಟೀ ಕುಡಿಯುವಾಗ ಅವನು ಮೊಬೈಲು ಮೇಜಿನ ಮೇಲಿಟ್ಟ. ಸಂಬಳದಾರರ ಕೈಯಲ್ಲಿರುವ ಆಶ್ರಯ ಮನೆಗಳ ಪಟ್ಟಿ ಯುಗಾದಿಯೊಳಗೆ ಕೊಡಬೇಕು. ಪಟ್ಟಿಗೆ ಬಿದ್ದ ಮನೆ ಕಾಯುತ್ತಿರುವವರಿಗೆ ಹೋಗುತ್ತದೆ. ಕಾಯುತ್ತಿರುವವರಲ್ಲಿ ಮೊದಲನೆಯವಳು ಟಾರ್ಪಾಲ್ ಕೆಳಗಿರುವ ಚಿಕ್ಕಮಾದಮ್ಮ.

“ಆರು ತಿಂಗಳು ತುಂಬಲು ಇನ್ನೂ ಎರಡು ತಿಂಗಳಿದೆ,” ಎಂದಳು ಭವ್ಯ. “ಅಲ್ಲಿವರೆಗೆ ಬಾಗಿಲು ತೆಗೆಯಂಗಿಲ್ಲ. ಅದೂ ಅಲ್ಲದೆ ನಾನ್ಯಾಕೆ ಕೊಡಬೇಕು? ಅಡಿಪಾಯಕ್ಕೆ ಅವ್ವ ತಲೆ ಮೇಲೆ ಕಲ್ಲು ಹೊತ್ತಿದ್ದಾಳೆ. ಬೀದಿ ದೀಪ ಇಲ್ಲದಾಗ ಆ ಮನೇಲಿ ಬುಡ್ಡಿ ಇಟ್ಟುಕೊಂಡು ಓದಿದೀನಿ. ಓದಿ ಕೆಲಸ ಹಿಡಿದದ್ದು ತಪ್ಪಾಯ್ತಾ? ಮೊದಲ ಸಂಬಳ ಬಂದ ದಿನವೇ ಮನೆ ಪರರದಾಗಿಬಿಡ್ತದಾ?”

“ಆ ಮನೆ ನಿಮ್ಮನ್ನು ಓದಿಸಿ ದಡ ಸೇರಿಸ್ತು. ಇನ್ನೊಬ್ಬಳ ಮಗಳನ್ನೂ ಓದಿಸಲಿ ಅಂತ ನಾನು ಹೇಳೋದು.”

“ಹೇಳೋದು ಸುಲಭ. ನಿಮ್ಮವ್ವ ಆ ಗೋಡೆ ಒಳಗೆ ಇಲ್ಲವಲ್ಲ.”

ಅವನು ಟೀ ಲೋಟವನ್ನು ಸುತ್ತ ತಿರುಗಿಸುತ್ತ ಕೂತ. ಆಮೇಲೆ ಮೆಲ್ಲಗೆ, “ಇವತ್ತು ಸಂಜೆ ನಾನೂ ಬರ್ಲಾ? ದೀಪ ನೋಡಬೇಕು,” ಎಂದ. ಜೊತೆಗೆ ಬರುತ್ತೇನೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬೇಡ ಅನ್ನಲಾಗಲಿಲ್ಲ.

ಹೊತ್ತು ಮುಳುಗುವ ವೇಳೆಗೆ ಇಬ್ಬರೂ ಎದುರು ಬದಿಯ ಬೇವಿನ ಮರದ ಕೆಳಗೆ ನಿಂತರು. ಕೂಲಿಯಿಂದ ಬಂದವರು ಕದ ಹಾಕಿಕೊಂಡಿದ್ದರು. ಅಡುಗೆ ಹೊಗೆ ಸೂರುಗಳ ಮೇಲೆ ಹಾಗೇ ಮಲಗಿತ್ತು. ಆ ಒಂದು ಮನೆ ಮಾತ್ರ ಕಪ್ಪಗಿತ್ತು. ನೋಡುತ್ತ ನೋಡುತ್ತ ಕಿಟಕಿಯ ಕೆಳಗಿನ ಮೂಲೆ ಕೆಂಪಾಯಿತು, ಆಮೇಲೆ ಹಳದಿಯಾಯಿತು. ದೀಪ. ಯಾರದೋ ನೆರಳು ಗೋಡೆಯ ಮೇಲೆ ಒಮ್ಮೆ ಎದ್ದು, ಬಗ್ಗಿ, ಇಲ್ಲವಾಯಿತು.

ಭವ್ಯ ಗಪ್ಪನೆ ಅವನ ಮಣಿಕಟ್ಟು ಹಿಡಿದಳು. ಹಿಡಿದ ಮೇಲೆ ಬೆರಳು ತಾವಾಗಿ ನಾಡಿಯ ಮೇಲೆ ಹೋಗಿ ಕೂತವು, ಅಭ್ಯಾಸಬಲ ನೋಡಿ.

“ನೂರಿಪ್ಪತ್ತು ಬಡ್ಕೋತಿದೆ,” ಎಂದಳು ಪಿಸುದನಿಯಲ್ಲಿ. “ನಿಮಗೂ ಭಯನಾ?”

“ನೂರು ಭಯಕ್ಕೆ. ಮಿಕ್ಕ ಇಪ್ಪತ್ತು ಯಾಕೆ ಅಂತ ನೀವೇ ಹೇಳಿ.”

ಅವಳು ಕೈ ಬಿಡಬೇಕಿತ್ತು, ಬಿಡಲಿಲ್ಲ. ಆಚೆ ಕಡೆ ಅವ್ವನ ಮನೆಯಲ್ಲಿ ದೀಪ ಉರಿಯುತ್ತಿತ್ತು. ಆದರೂ ಆ ಹಾಳು ಬೇವಿನ ಮರದ ಕೆಳಗೆ ಇನ್ನೂ ಸ್ವಲ್ಪ ಹೊತ್ತು ಹೀಗೇ ನಿಂತಿರೋಣ ಅನ್ನಿಸಿತು ಅವಳಿಗೆ.

*

ಆಮೇಲಿನ ದಿನಗಳಲ್ಲಿ ಅವನು ಫೋನು ಮಾಡಿದ, ಅವಳು ಎತ್ತಿದಳು. ಅವಳು ಬೈದಳು, ಅವನು ಬೈಸಿಕೊಂಡ. ಊಟ ಆಯ್ತಾ, ಕಾಲು ವಾಸಿ ಆಯ್ತಾ, ಮುಚ್ಚಳ ಇವತ್ತೂ ಸದ್ದಾಯ್ತಾ, ಹೀಗೇ ನಡೆದಿತ್ತು ಮಾತು. ಯುಗಾದಿ ಮಾತ್ರ ಹತ್ತಿರವಾಗುತ್ತಿತ್ತು. ವಾರದ ರಜೆ ಬಂದಾಗ ಭವ್ಯ ಒಂದು ನಿರ್ಧಾರ ಮಾಡಿ ಗುಂಡ್ಲುಪೇಟೆಯ ಬಸ್ಸು ಹತ್ತಿದಳು.

ಅವನ ಮನೆ ಹತ್ತಿರದ ಈರುಳ್ಳಿ ಮಂಡಿಯ ಅಂಗಳದಲ್ಲಿ ಕೇರಳದ ಲಾರಿಗಳು ಸಾಲಾಗಿ ನಿಂತಿದ್ದವು. ಗಾಳಿಗೆ ಈರುಳ್ಳಿ ಸಿಪ್ಪೆ ಹಾರಿ ಬಂದು ಕೂದಲಿಗೆ ಅಂಟುತ್ತಿತ್ತು. ಮಂಟೇಸ್ವಾಮಿ ಓಡಿ ಬಂದ, ಅವಳನ್ನು ನೋಡಿ ಕಣ್ಣರಳಿಸಿದ. ಅವಳು ಮೊದಲು ಕೆಲಸದ ಮಾತೇ ಆಡಿದಳು.

“ಜನ ವಾಸವಿದ್ದಾರೆ ಅಂತ ಬರೆದುಬಿಡಿ. ನನಗೋಸ್ಕರ.”

ಅವನ ಮುಖ ಕಳೆಗುಂದಿತು. “ಬರೀತೀನಿ. ನೀವು ಕೇಳಿದ್ರೆ ನಾನು ಇಲ್ಲ ಅನ್ನಲ್ಲ, ಅದು ನಿಮಗೂ ಗೊತ್ತು. ಆದರೆ ಭವ್ಯ, ಆಮೇಲೆ ನಾನು ನಿಮ್ಮ ಮುಂದೆ ಬರಲ್ಲ. ಚಿಕ್ಕಮಾದಮ್ಮನ ಟಾರ್ಪಾಲ್ ನೋಡಿಕೊಂಡು ಹೋಗಿ ನಿಮ್ಮ ಜೊತೆ ನಗೋಕೆ ನನ್ನ ಕೈಲಾಗಲ್ಲ.”

ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಕರೆದ ರೀತಿ ಹೀಗೆ.

ಅವನ ಅವ್ವ ಅಲ್ಲೇ ಚೀಲದ ಮೇಲೆ ಕೂತು ಕೊಳೆತ ಈರುಳ್ಳಿ ಬೇರೆ ಮಾಡುತ್ತಿದ್ದಳು. ಮಗನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಏನೂ ಕೇಳದೆ ಪಕ್ಕದ ಚೀಲ ತಟ್ಟಿ, “ಕೂತ್ಕೋ ಬಾವ್ವ,” ಎಂದಳು. ಮಂಡಿಯ ಹಿಂದೆ ಕಾಣುವ ಶೀಟಿನ ಮನೆ ತೋರಿಸಿ, “ಅದೇ ನಮ್ದು. ನಮ್ದಲ್ಲ, ಬಾಡ್ಗ,” ಎಂದು ನಕ್ಕಳು.

“ಆಶ್ರಯ ಮನೆಗೆ ಅರ್ಜಿ ಹಾಕ್ಲಿಲ್ವಾ ಅವ್ವ?”

“ಇವ್ನು ತೊಟ್ಲಲ್ಲಿದ್ದಾಗಿಂದ ಹಾಕ್ದೆ ಕಣವ್ವ. ನಮ್ಮೂರಲ್ಲಿ ಅಂಥದ್ದೊಂದು ಮನೆ ಖಾಲಿ ಇತ್ತು. ಒಬ್ರು ಮೇಷ್ಟ್ರು ಬೀಗ ಹಾಕಿ ಮಡಗಿದ್ರು, ಅವ್ರಿಗೆ ಮೈಸೂರಲ್ಲಿ ಮಹಡಿ ಮನೆ. ಮಳೆ ಬಂದ್ರೆ ಇವನ್ನ ಎತ್ಕೊಂಡು ಆ ಮನೆ ಜಗಲಿಗ ಓಡ್ತಿದ್ದಿ. ಬಾಗ್ಲಿಗ ಒರಗಿದ್ರೆ ಒಳಗ ಗೋಡ ಉಸ್ರು ಬುಟ್ಟಂಗ ಆಗದು. ಯಾರೂ ಇಲ್ದೆ ಮನೆ ನರಳ್ತದ ಕಣವ್ವ. ದೆವ್ವಕ್ಕೂ ನಾನು ಅಷ್ಟು ಹೆದ್ರಿಲ್ಲ.”

“ಮೇಷ್ಟ್ರು ಕೆಟ್ಟವರಾ?”

“ಅಯ್ಯೋ ಇಲ್ಲ. ಬಲು ಒಳ್ಳೇವ್ರು. ಅವ್ರವ್ವ ಇದ್ದ ಮನೆ ಅಂತ ಕೊಡಾಕ ಮನ್ಸು ಬರ್ಲಿಲ್ಲ, ಅಷ್ಟೇಯ.”

ಭವ್ಯ ತಲೆ ತಗ್ಗಿಸಿ ಕೂತಳು. ಕಣ್ಣಲ್ಲಿ ನೀರು ತುಂಬಿತು. ಈರುಳ್ಳಿ ಅಂಗಳದಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ, ಅದೊಂದು ಅನುಕೂಲ. ಬಸ್ಸು ಹತ್ತುವ ಮುಂಚೆ ಅವಳು ಮಂಟೇಸ್ವಾಮಿಯ ಕಡೆ ತಿರುಗಿದಳು.

“ಸುಳ್ಳು ಬರೀಬೇಡಿ. ಮನೆ ಕೊಡ್ತೀನಿ. ಚಿಕ್ಕಮಾದಮ್ಮಂಗೇ ಕೊಡ್ತೀನಿ.”

ಅವನು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಬಸ್ಸು ಹೊರಟಿತು. ಕಂಡಕ್ಟರುಗಳಿಗೆ ಇಂಥ ಹೊತ್ತು ಯಾವತ್ತೂ ತಿಳಿಯುವುದಿಲ್ಲ.

*

ಕೊಡುತ್ತೇನೆ ಎಂದರೆ ಕೈ ಒಡ್ಡುವವರೂ ಬೇಕಲ್ಲ.

“ಬ್ಯಾಡ ಕಣವ್ವ,” ಎಂದಳು ಚಿಕ್ಕಮಾದಮ್ಮ. ಜಾಲಿಮರಗಳ ನಡುವೆ ಹಗ್ಗ ಬಿಗಿದು ಕಟ್ಟಿದ ಟಾರ್ಪಾಲಿನ ಕೆಳಗೆ ಅವಳು ಹನ್ನೊಂದು ವರ್ಷದ ಮಗಳ ತಲೆ ಬಾಚುತ್ತಿದ್ದಳು. “ಗಾಳಿ ಬಂದ್ರೆ ಇದು ಹಾರ್ಕೊಂಡೋಯ್ತದ, ಗೊತ್ತು. ಆದ್ರೂ ಧನಿಷ್ಠ ಹಿಡ್ದ ಮನೆಗ ನನ್ ಮಗೀನ ಕರ್ಕೊಂಡೋಗನಾ? ಮಲ್ಲಮ್ಮಕ್ಕ ಇನ್ನೂ ಅಲ್ಲೇ ಅವ್ಳ. ದೀಪ ಕಂಡಿದ್ದೀವಿ ನಾವು.”

“ಆರು ತಿಂಗಳು ಕಳೆದ ಮೇಲೆ?”

“ಆರು ವರ್ಷ ಆದ್ರೂ ಬ್ಯಾಡ.”

ಮನೆಗಾಗಿ ಕಾಯುತ್ತಿದ್ದ ಮಿಕ್ಕ ಎರಡು ಕುಟುಂಬದವರೂ ಇದನ್ನೇ ಹೇಳಿದರು. ಜೊತೆಗೆ ಬಂದಿದ್ದ ಮಂಟೇಸ್ವಾಮಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಸಂಬಳದವಳಿಗೆ ಬೇಡವಾದ ಮನೆ, ಕೂಲಿಯವಳಿಗೂ ಬೇಡವಾಗಿತ್ತು. ಇನ್ನು ಅದು ಹೀಗೇ ಮುಳ್ಳು ಹೊತ್ತುಕೊಂಡು ಕುಸಿಯುತ್ತದೆ, ಅದರೊಳಗೆ ಅವ್ವ.

ಮುಳ್ಳು ತೆಗೆಯುವ ದಾರಿ ಒಂದೇ ಇತ್ತು. ಭವ್ಯಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ನಾಲ್ಕು ತಿಂಗಳು ನಿದ್ದೆಗೆಟ್ಟಿದ್ದಳು.

“ನಿಮಗೊಂದು ಹೇಳ್ತೀನಿ,” ಎಂದಳು. “ಕೇಳಿದ ಮೇಲೆ ನನ್ನ ಮುಖ ನೋಡಬೇಕು ಅಂತ ಏನಿಲ್ಲ.” ಹುಟ್ಟುಹಬ್ಬ, ಕೇಕು, ಬಿಗಿದ ದವಡೆ, ಒದ್ದೆ ದಿಂಬು, ಎಲ್ಲ ಹೇಳಿದಳು. ಮುಗಿದ ಮೇಲೆ ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

“ಅಯ್ನೋರ ಹತ್ರ ಹೋಗನ ಬನ್ನಿ. ಹೇಳೋವಾಗ ಪಕ್ಕದಲ್ಲಿ ನಿಂತಿರ್ತೀನಿ.”

“ಊರು ಉಗಿಯುತ್ತೆ.”

“ನಾನೂ ಒದ್ದೆಯಾಗ್ತೀನಿ, ಬನ್ನಿ.”

*

ಸಂಜೆ ಅರಳಿಕಟ್ಟೆಯ ಸುತ್ತ ಅರ್ಧ ಕಾಲೊನಿ ಸೇರಿತ್ತು. ನೀಲಕಂಠಸ್ವಾಮಿ ಅಯ್ನೋರು ಕಟ್ಟೆಯ ಮೇಲೆ ಕೂತಿದ್ದರು. ಭವ್ಯ ಕೈಕಟ್ಟಿ ನಿಂತು ಹೇಳಿದಳು. ದನಿ ಎರಡು ಕಡೆ ಒಡೆಯಿತು, ಆದರೆ ಏನನ್ನೂ ಮುಚ್ಚಿಡಲಿಲ್ಲ.

“ನಾನು ನೀರು ಬಿಟ್ಟಿಲ್ಲ ಅಯ್ನೋರೆ. ನಾನು ಬರೋ ಹೊತ್ತಿಗೆ ಅವ್ವ ಹೋಗಿ ಎರಡು ಗಂಟೆ ಮೇಲಾಗಿತ್ತು. ಒಬ್ಬಳೇ ಸತ್ತಳು. ಬಾಯಾರಿ ಸತ್ತಳು.”

ಹೆಂಗಸರ ಗುಂಪಿನಲ್ಲಿ ಯಾರೋ ಲೊಚಗುಟ್ಟಿದರು. “ಎಂಥಾ ಮಗಳು ನೋಡು” ಎಂಬ ಮಾತೂ ಬಂತು. ಭವ್ಯ ಅದಕ್ಕೆ ಸಿದ್ಧಳಾಗೇ ಬಂದಿದ್ದಳು. ಮಂಟೇಸ್ವಾಮಿ ಒಂದು ಹೆಜ್ಜೆ ಹತ್ತಿರ ಬಂದ.

“ಬಾಯಾರಿ ಸಾಯ್ಲಿಲ್ಲ.”

ಹಿಂದಿನಿಂದ ಬಂದ ದನಿ ಪುಟ್ಟಸಿದ್ದಮ್ಮನದು. ಮಲ್ಲಮ್ಮನ ಪಕ್ಕದ ಮನೆಯ ಮುದುಕಿ. ಅರಿಶಿನ ಮೆತ್ತಿದ ಕೈಯಲ್ಲಿ ಕೋಲೂರಿಕೊಂಡು ಮುಂದೆ ಬಂದಳು.

“ಬಾಯಿಗ ನೀರ ಬುಟ್ಟವ್ಳು ನಾನು. ಗೋಡ ಆಚೆಯಿಂದ ನರಳಾಟ ಕೇಳ್ತು, ಓಡ್ಬಂದಿ. ತಲೆ ತೊಡೆ ಮ್ಯಾಲ ಮಡಿಕೊಂಡು ಮೂರು ಗುಟುಕು ಬುಟ್ಟಿ. ‘ಮಗಳು ಬೆಳಗ್ಗೆ ಬತ್ತಾಳ, ಹೆದ್ರುಕೊಂಡಾಳು, ನೆಟ್ಟಗ ಮಲಗ್ಸು’ ಅಂದ್ಲು. ಅಂದು ಹೋದ್ಲು. ಮಸೀದಿ ಕೂಗು ಇನ್ನೂ ಆಗಿರ್ಲಿಲ್ಲ, ಮೊದಲ್ನೇ ಬಸ್ಸೂ ಬಂದಿರ್ಲಿಲ್ಲ. ಕಣ್ಣು ಮುಚ್ಚಿ, ನೆಟ್ಟಗ ಮಲಗ್ಸಿ, ಇವಳ ಗಾ‍ಡಿ ಸದ್ದು ಕೇಳ್ತಲೂ ಎದ್ದು ನಮ್ ಮನೆಗ ಬಂದ್ಬುಟ್ಟಿ. ಕೊನೇ ನೀರು ಮಗಳೇ ಬುಟ್ಲು ಅಂತ ಊರು ಅನ್ಲಿ ಅಂತ.”

“ಮತ್ಯಾಕ ಸುಮ್ಮನಿದ್ದೆ?” ಎಂದರು ಅಯ್ನೋರು.

“ಮಗು ತನ್ ಕೈಯಾರ ಬುಟ್ಟೆ ಅಂತ ಹೇಳ್ಕೊಂಡು ಅಳ್ತಿತ್ತು. ನಾನು ಬಾಯಿ ತಗುದ್ರೆ ಅದನ್ನೂ ಕಿತ್ಕೊಂಡಂಗ ಆಗದು. ದೋಷ ಇಲ್ಲ ಅಂತ ನಂಗ ಗೊತ್ತಲ್ಲ, ಅದ್ಕೇ ಸಂಜೆ ಹೊತ್ತು ಹಿಂದ್ಲ ಬಾಗ್ಲಿಂದ ಓಗಿ ದೀಪ ಹಚ್ತಿದ್ದಿ. ಮಲ್ಲಿ ಕತ್ಲಲ್ಲಿ ಇರದು ಬ್ಯಾಡ ಅಂತ.”

ಭವ್ಯ ಓಡಿಹೋಗಿ ಮುದುಕಿಯ ಎದೆಗೆ ಬಿದ್ದಳು. ನಾಲ್ಕು ತಿಂಗಳು ಅಳದೆ ಇದ್ದದ್ದೆಲ್ಲ ಅಲ್ಲಿ ಅತ್ತಳು. ಪುಟ್ಟಸಿದ್ದಮ್ಮನ ಸೀರೆ ತುಂಬ ಅರಿಶಿನದ ಮಣ್ಣಿನ ವಾಸನೆ.

“ಹಂಗಾದ್ರೆ ಶ್ರವಣ,” ಎಂದರು ಅಯ್ನೋರು, ಬೆರಳು ಮಡಚದೆಯೇ. “ದೋಷ ಇಲ್ಲ. ಮುಳ್ಳು ತೆಗೀರಿ.”

ಎಲ್ಲರೂ ಹಿಂದೆ ಬಂದರು, ಎಲ್ಲರೂ ಹತ್ತು ಮಾರು ದೂರ ನಿಂತರು. ಮಂಟೇಸ್ವಾಮಿ ಮುಳ್ಳು ಎಳೆದು ಹಾಕಿದ. ಭವ್ಯ ಬೀಗ ತೆಗೆದಳು. ಒಳಗೆ ತಂಪಿತ್ತು, ಬಿಸಿಲಲ್ಲಿ ಬೆಂದ ಮನೆಗೆ ಇರಬಾರದಷ್ಟು ತಂಪು. ನೆಲದ ಮೇಲೆ ಧೂಳಿರಲಿಲ್ಲ. ಬಿಂದಿಗೆಯ ಮುಚ್ಚಳ ಪಕ್ಕಕ್ಕೆ ಸರಿದಿತ್ತು. ನೀರು ಕತ್ತಿನವರೆಗೂ ಇತ್ತು, ಚೊಂಬಿನ ಅಂಚಿನಲ್ಲಿ ಒಂದು ಹನಿ ಇನ್ನೂ ಜಾರುತ್ತಿತ್ತು.

“ದಿನಾ ತುಂಬ್ತಿದ್ದೆಯಾ ಅಜ್ಜಿ?” ಎಂದು ಕೇಳಿದಳು ಭವ್ಯ. “ಮಧ್ಯಾಹ್ನ ಹೊತ್ತು ಬರ್ತಿದ್ದದ್ದೂ ನೀನೇನಾ?”

ಪುಟ್ಟಸಿದ್ದಮ್ಮ ಹೊಸ್ತಿಲಲ್ಲೇ ನಿಂತು ಬಿಂದಿಗೆ ನೋಡಿದಳು. “ಮಧ್ಯಾನ ನಾನು ಹೊಲದಲ್ಲಿರ್ತೀನಿ ಕಣಮ್ಮಿ. ದೀಪ ನಂದು. ನೀರ ನಾನು ಮುಟ್ಟಿಲ್ಲ.”

ಭವ್ಯಳ ತೋಳಿನ ರೋಮ ನಿಂತವು. ಆದರೆ ಈ ಸಲ ಅವಳಿಗೆ ಓಡಬೇಕು ಅನ್ನಿಸಲಿಲ್ಲ. ಚೊಂಬಿನಲ್ಲಿ ನೀರು ಮೊಗೆದಳು. ನಿಂತ ನೀರಿನ ವಾಸನೆ ಇರಲಿಲ್ಲ. ಮೂರು ಗುಟುಕು ಕುಡಿದಳು. ಬಾವಿಯಿಂದ ಈಗ ಸೇದಿದ ಹಾಗೆ ತಣ್ಣಗಿತ್ತು.

*

ಯುಗಾದಿಗೆ ಎರಡು ದಿನ ಮುಂಚೆ ಚಿಕ್ಕಮಾದಮ್ಮ ಒಂದು ಟ್ರಂಕು, ಎರಡು ಪಾತ್ರೆ ಮೂಟೆ ತೆಗೆದುಕೊಂಡು ಬಂದಳು. ಹೊಸ್ತಿಲ ಮುಂದೆ ಕಾಲು ತಡೆದು ನಿಂತಳು. ಭವ್ಯ ಅಂಗಳದಲ್ಲಿ, ಮಂಟೇಸ್ವಾಮಿಯ ಪಕ್ಕ ಇದ್ದಳು. ಒಳಗೆ ಯಾರೂ ಇರಲಿಲ್ಲ.

“ಬಂದೆ ಕಣಕ್ಕ,” ಎಂದಳು ಚಿಕ್ಕಮಾದಮ್ಮ ಒಳಗೆ ನೋಡುತ್ತ, ಯಾರೋ ಕರೆದಿದ್ದಕ್ಕೆ ಓಗೊಡುವ ಹಾಗೆ. ಬಲಗಾಲಿಟ್ಟು ಒಳಗೆ ಹೋದಳು. ಮಗಳೂ ಹೋದಳು. ಸ್ವಲ್ಪ ಹೊತ್ತಿಗೆ ಒಲೆಯ ಹೊಗೆ ಹೆಂಚಿನ ಸಂದಿಯಿಂದ ಎದ್ದಿತು.

ಭವ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಇಲ್ಲೇ ಆಡಿದ್ದಳು, ಇಲ್ಲೇ ಬಿದ್ದಿದ್ದಳು, ಇಲ್ಲೇ ಅವ್ವನ ಕೈಲಿ ಹೊಡೆಸಿಕೊಂಡಿದ್ದಳು. ಬಿಟ್ಟುಕೊಡುವುದು ಒಳ್ಳೆಯದು ಎಂದು ತಿಳಿದಿತ್ತು, ಆದರೂ ಎದೆ ಉರಿಯಿತು. ಎರಡೂ ನಿಜ.

ಮಂಟೇಸ್ವಾಮಿ ಬ್ಯಾಗಿನಿಂದ ಮನೆ ಹಿಂದಿರುಗಿಸುವ ಕಾಗದ ತೆಗೆದ. ಸ್ಕೂಟಿಯ ಸೀಟಿನ ಮೇಲೆ ಇಟ್ಟುಕೊಂಡು ಒಂದೊಂದೇ ಕೇಳುತ್ತ ಬರೆದ. ಹೆಸರು, ತಾಯಿಯ ಹೆಸರು, ಕೆಲಸ. ಕೊನೆಯ ಸಾಲಿನ ಮೇಲೆ ಪೆನ್ನಿಟ್ಟು ಕೇಳಿದ.

“ಇನ್ನು ಮುಂದಿನ ವಿಳಾಸ?”

ಅವಳು ಅವನ ಎಡಗೆನ್ನೆಯ ಕಡೆ ನೋಡಿದಳು. ಅಲ್ಲಿ ಗುಳಿ ಇರಲಿಲ್ಲ, ಅವನು ನಗುತ್ತಿರಲಿಲ್ಲ.

“ಗುಂಡ್ಲುಪೇಟೆ,” ಎಂದಳು. “ಈರುಳ್ಳಿ ಮಂಡಿ ಹಿಂದೆ.”

ಪೆನ್ನು ನಿಂತಿತು.

“ಅಲ್ಲಿ ಬಿಸಿಲಿಗೆ ಶೀಟು ಕಾಯ್ತದೆ,” ಎಂದ ಅವನು, ತಲೆ ಎತ್ತದೆ.

“ಕಾಯಲಿ.”

“ಇಲ್ಲಿ ಡ್ಯೂಟಿಗೆ ದಿನಾ ಬಸ್ಸಲ್ಲಿ ಓಡಾಡಬೇಕು.”

“ಓಡಾಡ್ತೀನಿ.”

“ಅದು ನಮ್ಮದೂ ಅಲ್ಲ ಭವ್ಯ. ಬಾಡಿಗೆ.”

“ಅರ್ಧ ನಾನು ಕೊಡ್ತೀನಿ. ಸಂಬಳದವಳು ಅಂತ ನೀವೇ ಪಟ್ಟಿ ಮಾಡಿದ್ರಲ್ಲ.” ಅವಳು ಕಾಗದದ ಮೇಲೆ ಬೆರಳಿಟ್ಟಳು. “ನೀವಂದ್ರೆ ನನಗೆ ಇಷ್ಟ. ನನ್ನ ಕೆಟ್ಟದ್ದು ಕೇಳಿದ ಮೇಲೂ ಪಕ್ಕದಲ್ಲೇ ನಿಂತಿದ್ರಿ. ನೀವು ಇರೋ ಕಡೆ ನಾನೂ ಇರಬೇಕು. ಬರೀರಿ.”

ಮಂಟೇಸ್ವಾಮಿ ಬರೆಯಲು ಹೋದ. ಮೊದಲ ಅಕ್ಷರವೇ ಸೊಟ್ಟಗಾಯಿತು. ಹೊಡೆದುಹಾಕಿ ಮತ್ತೆ ಬರೆದ, ಅದೂ ಸೊಟ್ಟಗಾಯಿತು. ಭವ್ಯ ಪೆನ್ನು ಇಸಿದುಕೊಂಡು, ಅವನಿಗೆ ಭುಜ ತಾಗಿಸಿ ನಿಂತು, ಅವನ ಮನೆಯ ವಿಳಾಸವನ್ನು ತಾನೇ ದುಂಡಗೆ ಬರೆದು ಸಹಿ ಹಾಕಿದಳು.